ದೋಣಿಯ ಮೂತಿಯೊಳಗಿನ ಸುತ್ತಿಗೆ

ಮಾರ್ಚ್ ೧೪, ಶನಿವಾರ

ಬೆರಳು ಇನ್ನೂ ಉರಿಯುತ್ತಿದೆ. ನನ್ನ ಗಂಡ ಎನಿಸಿಕೊಂಡವರ, ಕೂರಲೊಂದು ಕಿಂಡಿ ಬಿಟ್ಟು ಮೇಲೆಲ್ಲ ಮುಚ್ಚುವ ಕಯಾಕ್ ದೋಣಿಯ ಮರದ ಹಂದರಕ್ಕೆ ಬಟ್ಟೆ ಬಿಗಿದು ಹೊಲಿಯುತ್ತಾ ಇಂದಿಗೆ ನಾಲ್ಕು ದಿನ. “ಸೊಟ್ಟಗಿದೆ, ಬಿಚ್ಚು” ಎಂದು ಮೂರು ಸಲ ಬಿಚ್ಚಿಸಿದರು. ಸೂಜಿಗೆ ದಾರ ಪೋಣಿಸಲು ಬಾರದ ಮಹಾನುಭಾವರು.

ನಾಲ್ಕನೆಯ ಸಲ ಮೂತಿಯ ಕಡೆ ಹೊಲಿಯುವಾಗ, ಇವರ ಸಣ್ಣ ಸುತ್ತಿಗೆ ಒಳಗೇ ಬಿದ್ದಿರುವುದು ಕಂಡಿತು. ಕೂರುವ ಕಿಂಡಿಯಿಂದ ಎಷ್ಟು ಕೈಚಾಚಿದರೂ ಅಲ್ಲಿಗೆ ಎಟುಕುವುದಿಲ್ಲ. ಅದನ್ನು ಅಲ್ಲೇ ಬಿಟ್ಟು ಹೊಲಿದು ಮುಗಿಸಿದೆ.

ಸಂಜೆಯೆಲ್ಲ ಮನೆ ತಲೆಕೆಳಗು. “ನನ್ನ ಸುತ್ತಿಗೆ ಎಲ್ಲಿ ಎತ್ತಿಟ್ಟೆ?”

“ನಿಮ್ಮ ಸಾಮಾನು ನಾನ್ಯಾಕೆ ಮುಟ್ಲಿ?”

ನಾಳೆ ಕೆರೆಗೆ ಒಯ್ಯಲು ದೋಣಿ ಎತ್ತಿದಾಗ ಒಳಗಿನಿಂದ ಗಡಗಡ ಸದ್ದು ಬರುತ್ತದೆ. ಕತ್ತರಿಯನ್ನು ಇವರ ಕೈಗೇ ಕೊಡುತ್ತೇನೆ, ಸೂಜಿಯನ್ನೂ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳುತ್ತೇನೆ: ಸೊಟ್ಟಗಿದೆ, ಬಿಚ್ಚಿ.