ಆರೋಗ್ಯವಂತ ಗುಂಪು, ಕ್ರಮಾಂಕ ಏಳು

ಮಾರ್ಚ್ 4, ಬೆಳಗ್ಗೆ 7.30

ಬಲಗಡೆಯೇ ಅಗಿಯುವುದು ರೂಢಿಯಾಗಿದೆ. ಸೇಬನ್ನು ತೆಳ್ಳಗೆ ಹೋಳು ಮಾಡಿಕೊಂಡೇ ತಿನ್ನುವುದು. ಎಡಗಡೆಯ ದವಡೆ ಹಲ್ಲು ಹೋಗಿ ನಾಲ್ಕು ತಿಂಗಳು. ನಾಲಿಗೆ ಇನ್ನೂ ದಿನಕ್ಕೆ ನೂರು ಸಲ ಆ ಖಾಲಿ ಜಾಗ ತಡವಿ ಬರುತ್ತದೆ.

ಪತ್ರಿಕೆಗೆ ಪತ್ರ ಮುಗಿಸಿದೆ. ವಾಚನಾಲಯದ ಮುಂದಿನ ಬೆಂಚುಗಳನ್ನು ಕಿತ್ತ ಬಗ್ಗೆ. ಹನ್ನೆರಡು ವರ್ಷದ ಹಿಂದೆ ಅವನ್ನು ಹಾಕಿಸಿದಾಗ ಯಾರು ಏನು ಭಾಷಣ ಮಾಡಿದರು ಎಂಬುದನ್ನೂ ಸೇರಿಸಿದೆ. ಅವರು ಮರೆತಿರಬಹುದು.

ಭಾನುವಾರ ಮಗಳು, ಅಳಿಯ ಊಟಕ್ಕೆ. ಇಬ್ಬರೂ ಸೇರಿ ಬರೆದ ಸಂಶೋಧನಾ ಪೇಪರ್ ಪ್ರಕಟವಾಯಿತಂತೆ.

ಮಾರ್ಚ್ 8

ಅಳಿಯ ಬಹಳ ಖುಷಿಯಲ್ಲಿದ್ದ. ಡೆಂಟಲ್ ಕಾಲೇಜಿನಲ್ಲಿ ಒಸಡಿನ ಡಾಕ್ಟರ್ ಅವನು. ಅವನ ಲ್ಯಾಬಿನ ಅಂಕಿ-ಅಂಶ ನೋಡುವವಳು ಮಗಳು.

“ನಿಮ್ಮ ಲೈಬ್ರರಿ ಭಾಷೇಲೇ ಹೇಳ್ತೀನಿ ಅತ್ತೆ. ಡಿಎನ್‌ಎ ಅಂದ್ರೆ ಲೈಬ್ರರಿಯಿಂದ ಹೊರಗೆ ಹೋಗದ ಪುಸ್ತಕ. ಆರ್‌ಎನ್‌ಎ ಅದರಿಂದ ನಕಲು ಮಾಡ್ಕೊಂಡ ಚೀಟಿ. ಮೀಥೈಲ್ ಅಂದ್ರೆ ಆ ಚೀಟಿ ಮೇಲೊಂದು ಪೆನ್ಸಿಲ್ ಗುರುತು.”

“ಗುರುತು ಹಾಕೋರು ಯಾರು?”

“ಅದಕ್ಕೊಂದು ಕಿಣ್ವ ಇದೆ. ಅಳಿಸೋಕೆ ಇನ್ನೊಂದು. ಗುರುತು ಓದಿ, ಈ ಚೀಟಿ ಇರಲಿ, ಇದು ಕಸಕ್ಕೆ ಅನ್ನೋಕೆ ಮತ್ತೊಂದು.”

“ಥೇಟ್ ಆಫೀಸು ಕಣಪ್ಪ.”

ಮಗಳು ನಕ್ಕಳು. ಒಸಡಿಗೆ ರೋಗ ಬಂದರೆ ಈ ಗುರುತುಗಳ ಲೆಕ್ಕ ತಪ್ಪುತ್ತದಂತೆ. ಮೂಳೆ ಕಟ್ಟುವ ಕೋಶಗಳಿಗೆ ಹೋಗಬೇಕಾದ ಆದೇಶ ದಾರಿಯಲ್ಲೇ ಸಾಯುತ್ತದೆ, ಮೂಳೆ ತಿನ್ನುವ ಕೋಶಗಳಿಗೆ ಹಬ್ಬ. ಹಲ್ಲು ಅಲ್ಲಾಡುವುದು ಆಮೇಲೆ. ಗುರುತನ್ನು ಸರಿಪಡಿಸಿದರೆ ಮೂಳೆ ಉಳಿಯಬಹುದೇನೋ. ನಿಜಕ್ಕೂ ಒಳ್ಳೆಯ ಕೆಲಸ. ಬಾಯಿ ತುಂಬಾ ಹೊಗಳಿದೆ.

“ಪೇಪರ್ ಪರಿಶೀಲಿಸೋ ಒಬ್ಬ ರಿವ್ಯೂವರ್ ಪ್ರಾಣ ತಿಂದ,” ಅಂದ ಅಳಿಯ. “ನಿಮ್ಮ ರೋಗಿಗಳೆಲ್ಲ ಅರವತ್ತು ದಾಟಿದವರು, ಹೋಲಿಸೋಕೆ ತಗೊಂಡ ಆರೋಗ್ಯವಂತರೆಲ್ಲ ಕ್ಲಿಪ್ ಹಾಕಿಸೋಕೆ ಹಲ್ಲು ತೆಗೆಸ್ಕೊಂಡ ಹದಿನಾರರವರು. ವಯಸ್ಸಾದ ಆರೋಗ್ಯವಂತರ ಒಸಡು ತನ್ನಿ ಅಂತ.”

“ಆರೋಗ್ಯವಾಗಿರೋ ಹಲ್ಲನ್ನ ಈ ವಯಸ್ಸಲ್ಲಿ ಯಾರಪ್ಪ ಕೀಳಿಸ್ತಾರೆ?”

ಅಳಿಯ ನೀರು ಕುಡಿದ. ಮಗಳು ತಟ್ಟೆ ಎತ್ತಿದಳು.

ಮಾರ್ಚ್ 17, ಮಧ್ಯಾಹ್ನ

ಖಾಲಿ ಜಾಗಕ್ಕೆ ಹಲ್ಲು ಕೂರಿಸಬಹುದೇ ಎಂದು ಕೇಳಲು ಮೂಲೆ ಕ್ಲಿನಿಕ್ಕಿಗೆ ಹೋಗಿದ್ದೆ. ಅಳಿಯನಿಗೆ ಬಿಡುವಿಲ್ಲ. ಡೆಂಟಿಸ್ಟ್ ನನ್ನ ಓರಗೆಯ ಹೆಂಗಸು, ಕಡ್ಡಿ ಮುರಿದಂಥ ಮಾತು. ಹೊಸ ಎಕ್ಸ್‌ರೇ ತೆಗೆದಳು. ಎರಡು ವರ್ಷದ ಹಿಂದೆ ಅಲ್ಲೇ ತೆಗೆಸಿದ್ದನ್ನು ಪಕ್ಕದಲ್ಲಿಟ್ಟು ನೋಡಿದಳು. ಮತ್ತೆ ನೋಡಿದಳು.

“ಯಾಕೆ ಕೀಳಿಸಿದ್ರಿ?”

“ಒಸಡು ಕೊಳೆತಿದೆ, ಮೂಳೆ ಕರಗಿದೆ ಅಂದ್ರು.”

“ಎಲ್ಲಿ ಕರಗಿದೆ? ಗೋಡೆ ಇದ್ದ ಹಾಗಿದೆ. ಕಿತ್ತವರಿಗೂ ನಿಮಗೂ ಏನಾದ್ರೂ ಹಳೇ ಜಗಳ ಇತ್ತಾ?”

“ನನ್ನ ಅಳಿಯ.”

“ಹಾಗಾದ್ರೆ ಇತ್ತು ಅನ್ನಿ.”

ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ನಗು ಹೋಯಿತು.

ಮಾರ್ಚ್ 18, ಸಂಜೆ 4

ಅವರ ಪೇಪರ್ ಓದಿದೆ. ಕ್ಯಾಟಲಾಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಳೆದವಳು — ಮೊದಲು ನೋಡುವುದೇ ಅನುಬಂಧ. ಕೋಷ್ಟಕ ಎರಡು. ಆರೋಗ್ಯವಂತ ಗುಂಪು. ಕ್ರಮಾಂಕ ಏಳು. ಹೆಂಗಸು, 67. ಕೆಳದವಡೆ, ಎಡ, ಮೊದಲ ದವಡೆ ಹಲ್ಲು. ಮೂಳೆ ನಷ್ಟ: ಇಲ್ಲ. ಸಂಗ್ರಹಿಸಿದ ದಿನ: ನವೆಂಬರ್ 11. ಹಲ್ಲು ತೆಗೆದ ಕಾರಣ: ವ್ಯಕ್ತಿಯ ಸ್ವಂತ ಕೋರಿಕೆ.

ಸ್ವಂತ ಕೋರಿಕೆ!

ಈಗ ಒಂದೊಂದೇ ನೆನಪಾಗುತ್ತಿದೆ. ಕುರ್ಚಿಯ ಪಕ್ಕ ಬಿಳಿ ಹೊಗೆಯಾಡುವ ಫ್ಲಾಸ್ಕ್ ಹಿಡಿದು ನರ್ಸ್ ಕಾದು ನಿಂತಿದ್ದಳು. ಹಲ್ಲು ಬಂದ ಕ್ಷಣವೇ ಅದಕ್ಕಂಟಿದ ಒಸಡಿನ ಚೂರು ಅದರೊಳಗೆ. ಆರ್‌ಎನ್‌ಎ ನಿಮಿಷಗಳಲ್ಲಿ ಹಾಳಾಗುತ್ತದೆ ಎಂದು ಪೇಪರಿನಲ್ಲೇ ಇದೆ. ಕೊಳೆತ ಹಲ್ಲಿಗೆ ಇಷ್ಟು ಉಪಚಾರವೇ ಎಂದು ಅಂದು ಹೆಮ್ಮೆಪಟ್ಟಿದ್ದೆ.

ಸಹಿಯನ್ನೂ ಹಾಕಿದ್ದೆ. “ಕನ್ನಡಕ ತೆಗೆದಿಟ್ಟಿದ್ದೀನಿ ಅತ್ತೆ, ಇಲ್ಲಿ ಹಾಕಿ, ಮಾಮೂಲಿ ಫಾರಂ.” ಔಷಧಿ ಡಬ್ಬಿಯ ಹಿಂದಿನ ಸಣ್ಣಕ್ಷರವನ್ನೂ ಬಿಡದೆ ಓದುವವಳು — ಓದದೆ ಹಾಕಿದೆ.

ಮಾರ್ಚ್ 19

ಕೋಷ್ಟಕದ ಪುಟವನ್ನು ಪ್ರಿಂಟ್ ಹಾಕಿಸಿ ತಂದೆ.

ಮಾರ್ಚ್ 23

ಮಗಳು ಒಬ್ಬಳೇ ಬಂದಳು. ಕೋಷ್ಟಕದ ಪುಟವನ್ನು ಮುಂದಿಟ್ಟೆ.

“ಅಮ್ಮಾ, ಒಂದು ಹಲ್ಲಿಗೆ ಇಷ್ಟು ರಂಪಾನಾ?”

“ನಿನಗೆ ಗೊತ್ತಿತ್ತಾ?”

“ಟೈಪ್ ಮಾಡೋವಾಗ ಗೊತ್ತಾಯ್ತು. ಅಷ್ಟೊತ್ತಿಗೆ ಕಿತ್ತಾಗಿತ್ತು. ಏನ್ ಮಾಡ್ಲಿ, ವಾಪಸ್ ನೆಡ್ಲಾ?”

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ.”

“ಕೇಳಿದ್ರೆ ನೀನು ಐವತ್ತು ಪ್ರಶ್ನೆ ಕೇಳ್ತಿದ್ದೆ. ಒಸಡು ತರೋಕೆ ಅವರಿಗಿದ್ದದ್ದು ಮೂರು ವಾರ.”

ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಕೇಳುವುದು ಎಂದರೆ ಅದೇ ತಾನೆ.

ಅತ್ತಳು. ಕಿತ್ತ ಮೇಲೆಯೇ ಗೊತ್ತಾದದ್ದು ಎಂದು ಮತ್ತೆ ಮತ್ತೆ ಹೇಳಿದಳು. ನಂಬಿದೆ. ನಂಬದೆ ಯಾರನ್ನು ನಂಬಲಿ.

ಮಾರ್ಚ್ 24, ಬೆಳಗ್ಗೆ

ಸುಮ್ಮನಾಗಿಬಿಡೋಣವೆಂದು ಹಲ್ಲುಜ್ಜುವಾಗ ನಿರ್ಧರಿಸಿದ್ದೆ. ಮತ್ತೆ ಕೋಷ್ಟಕ ತೆಗೆದೆ. ಆರೋಗ್ಯವಂತರ ಗುಂಪಿನಲ್ಲಿ ಅರವತ್ತು ದಾಟಿದವರು ಮೂವರು. ಮೂವರದೂ “ಸ್ವಂತ ಕೋರಿಕೆ”. ನವೆಂಬರಿನ ಒಂದೇ ವಾರ. ಉಳಿದಿಬ್ಬರು ಯಾರ ಅತ್ತೆಯರೋ. ಅವರು ಅನುಬಂಧ ಓದುವವರಲ್ಲ.

ಕಾಲೇಜಿನ ನೈತಿಕ ಸಮಿತಿಗೆ ದೂರು ಬರೆದೆ. ಮೂರು ಪುಟ. ಮಗಳ ಸುದ್ದಿ ಎತ್ತಲಿಲ್ಲ.

ಏಪ್ರಿಲ್ 21

ಸಮಿತಿಯವರು ಫೋನ್ ಮಾಡಿದ್ದರು. ಎಕ್ಸ್‌ರೇ ಎರಡೂ ಕೊಟ್ಟು ಬಂದೆ. ಅಳಿಯ ಮಾತು ಬಿಟ್ಟಿದ್ದಾನೆ. ಮಗಳು ಬಿಟ್ಟಿಲ್ಲ, ದಿನಾ ಊಟ ಆಯ್ತಾ ಎಂದು ಕೇಳುತ್ತಾಳೆ, ಅಷ್ಟೆ.

ಮೇ 6, ಮಧ್ಯಾಹ್ನ 3

ಸಮಿತಿಯಿಂದ ಲಕೋಟೆ. ನಾನು ಓದದೆ ಸಹಿ ಹಾಕಿದ ಫಾರಂನ ಪ್ರತಿ. ಈ ಸಲ ಕನ್ನಡಕ ಹಾಕಿಕೊಂಡೇ ಓದಿದೆ. “ರೋಗವಿಲ್ಲದ ಹಲ್ಲನ್ನು ಸ್ವಇಚ್ಛೆಯಿಂದ ತೆಗೆಸಿಕೊಳ್ಳುತ್ತಿದ್ದೇನೆ; ಎಲ್ಲವನ್ನೂ ನನಗೆ ಓದಿ ಹೇಳಲಾಗಿದೆ.” ನನ್ನ ಸಹಿ, ನವೆಂಬರ್ 11. ಅದರ ಕೆಳಗೆ, ಓದಿ ಹೇಳಿದ ಸಾಕ್ಷಿಯ ಸಹಿ.

ನವೆಂಬರ್ 10.

ಹಿಂದಿನ ದಿನ. ನಾನಿನ್ನೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಆ ಸಂಜೆ ಮಗಳು ಇಲ್ಲೇ ಇದ್ದಳು, ಈ ಮೇಜಿನ ಹತ್ತಿರವೇ. “ಹೆದರಬೇಡ ಅಮ್ಮ, ನೋವಾಗಲ್ಲ” ಅಂದಿದ್ದಳು.

ಹೆಸರಿಲ್ಲ, ಬರೀ ಗೀಚಿದ ಸಹಿ; ಮಗಳ ಕೈಬರಹ ನನಗೆ ತಿಳಿಯದೇ. ಯಾರದೆಂದು ಅಳಿಯ ಹೇಳಲೊಲ್ಲನಂತೆ. ನನಗೆ ಪ್ರಶ್ನೆ: “ಸಾಕ್ಷಿಯ ಸಹಿಯನ್ನು ಗುರುತಿಸಬಲ್ಲಿರಾ? ಬಲ್ಲಿರಾದರೆ, ಯಾರದು?” ಹೇಳಿದರೆ ಅವಳ ಕೆಲಸವೂ ಹೋಗುತ್ತದೆ. ಇಲ್ಲವೆಂದರೆ ತಾರೀಖು ಬರೀ ಕೈತಪ್ಪು, ಆ ಫಾರಂ ಸಾಚಾ, ನನ್ನ ದೂರು ಸುಳ್ಳು.

ಆರನೇ ಕ್ಲಾಸಿನಲ್ಲಿ ಪ್ರೋಗ್ರೆಸ್ ಕಾರ್ಡಿಗೆ ನನ್ನ ಸಹಿಯನ್ನು ತಾನೇ ಹಾಕಿದ್ದಳು. ಟೀಚರ್ ಕರೆಸಿ ಕೇಳಿದರು. ನನ್ನದೇ ಎಂದೆ. ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದೆ. ಆಚೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.

3.40

“ಗುರುತಿಸಬಲ್ಲೆ” ಎಂಬಲ್ಲಿ ಟಿಕ್ ಹಾಕಿದೆ. ಕೆಳಗಿನ ಗೆರೆ ಇನ್ನೂ ಖಾಲಿ. ಫೋನು ಹೊಡೆದುಕೊಳ್ಳುತ್ತಿದೆ — ಅವಳೇ, ಊಟ ಆಯ್ತಾ ಎಂದು ಕೇಳಲು. ಮೊದಲು ಆ ಗೆರೆಯ ಮೇಲೆ ಅವಳ ಹೆಸರು ಬರೆದುಬಿಡುತ್ತೇನೆ, ದನಿ ಕೇಳಿದರೆ ಆಮೇಲೆ ಬರೆಯಲು ಆಗುವುದಿಲ್ಲ.