ಹತ್ತನೆಯ ಪಿನ್ನು

ಮಾರ್ಚ್ ೧೪, ಮಂಗಳವಾರ

ಆ ಇಂಧನ ಡಿಪೋ ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಸಂಜೆಯಿಂದ ಇದೇ ಹುಳ ತಲೆ ಕೊರೆಯುತ್ತಿದೆ.

ನಮ್ಮ ವಾಯುಪಡೆಯ ಕಾಲೇಜಿನ ಯುದ್ಧಾಭ್ಯಾಸದಲ್ಲಿ ಪ್ರತಿ ಅಧಿಕಾರಿಯೂ ಒಂದು ದಿನ ಶತ್ರುವಾಗಿ ಕೆಂಪು ಮೇಜಿನ ಮುಂದೆ ಕೂರಬೇಕು. ನಮ್ಮದೇ ದೇಶದ ನಕಾಶೆಯಲ್ಲಿ ಎಲ್ಲೆಲ್ಲಿ ಬಾಂಬ್ ಹಾಕುವುದೆಂದು ಪಿನ್ನು ಚುಚ್ಚಬೇಕು. ಇವತ್ತು ನನ್ನ ಸರದಿ. ಹುಮ್ಮಸ್ಸಿನಿಂದಲೇ ಒಂಬತ್ತು ಚುಚ್ಚಿದೆ.

ಪಾಠ ಹೇಳುವ ನಿವೃತ್ತ ಪೈಲಟ್ ಬಗ್ಗಿ ನೋಡಿದರು. "ಏನಪ್ಪಾ, ಇಷ್ಟು ದೊಡ್ಡ ಡಿಪೋನೇ ಬಿಟ್ಟಿದೀಯಲ್ಲ! ಶತ್ರು ಅಷ್ಟು ಒಳ್ಳೆಯವನಾ?"

"ಮರೆತೆ ಸರ್."

"ಅದರ ಪಕ್ಕ ಯಾರಿದಾರೆ?"

ಅಕ್ಕ ಇದ್ದಾಳೆ, ಅಂದೆ. ಡಿಪೋದ ಗೋಡೆಗೆ ಅಂಟಿಕೊಂಡ ಕ್ವಾರ್ಟರ್ಸಿನಲ್ಲಿ, ಇಬ್ಬರು ಮಕ್ಕಳ ಜೊತೆ. ಆಣೆಗೂ ಆಗ ಅವಳ ನೆನಪೇ ಬಂದಿರಲಿಲ್ಲ. ಹಾಗಾದರೆ ಕೈ ತಡೆದದ್ದು ಯಾರು?

ಅವರು ನಗಲಿಲ್ಲ. ಹತ್ತನೆಯ ಪಿನ್ನನ್ನು ನನ್ನ ಅಂಗೈಯಲ್ಲಿಟ್ಟರು. ಚುಚ್ಚಿದೆ. ಸಲೀಸಾಗಿ ಹೋಯಿತು, ಅದೇ ವಿಚಿತ್ರ.

ಗಡಿಯಾಚೆಯ ಕಾಲೇಜಿನಲ್ಲೂ ಇಂಥದೊಂದು ಮೇಜು ಇದ್ದೇ ಇರುತ್ತದೆ. ಅಲ್ಲಿ ನಮ್ಮ ಪಾತ್ರ ವಹಿಸಿ ಕೂತವನೂ ತನ್ನ ದೇಶದಲ್ಲಿ ಯಾವುದೋ ಒಂದು ಜಾಗವನ್ನು ಗೊತ್ತಿಲ್ಲದೆ ಬಿಟ್ಟಿರುತ್ತಾನೆ. ಯಾವುದಿರಬಹುದು? ಹೋದ ವಾರ ನಮ್ಮ ಕಡೆಯಿಂದ ಅವರ ದೇಶದ ನಕಾಶೆಯಲ್ಲಿ ನಾನು ಚುಚ್ಚಿದ ಇಪ್ಪತ್ತೆರಡು ಪಿನ್ನುಗಳಲ್ಲಿ ಅದು ಎಷ್ಟನೆಯದೋ.