ಉಡಿಕೆಗೆ ಸಾಕ್ಷಿ

ಕರಿಗುಡ್ಡ, ೨೧೯೧ನೆಯ ಇಸವಿ, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ನೂರೈವತ್ತು ವರ್ಷ ಹಿಂದಿರುವ ಅಕ್ಕತಂಗಿಯರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಬಿಸಿಲಿಗೆ ಅಂಜಿ ಬಂಡೆ ಕೊರೆದು ನೆಲದೊಳಗೆ ಬದುಕುತ್ತೇವೆ. ಅಂಥ ಮನೆಗೆ ತಂಪುಗವಿ ಎನ್ನುತ್ತೇವೆ. ಗವಿಯುಳ್ಳವರಿಗೆ ಮಾತ್ರ ನೀರಿನ ಪಾಲು, ಇಲ್ಲದವರು ಊರು ಬಿಡಬೇಕು. ಇಷ್ಟು ಬದಲಾದರೂ ಉಡಿಕೆ ಉಳಿದಿದೆ. ಗಂಡ ಸತ್ತವಳಿಗೆ ಹೊಸ ಗಂಡನ ಮನೆಯವರು ಸೀರೆ ಉಡಿಸಿ ಕರೆದುಕೊಳ್ಳುವ ಮದುವೆ ಅದು. ಮಂತ್ರವಿಲ್ಲ, ದಾಖಲೆಯೂ ಇಲ್ಲ.

ಹುಲಿಗೆವ್ವ ಹಾಗೆ ಗ್ಯಾನಪ್ಪನ ಮನೆಗೆ ಬಂದವಳು. ಹನ್ನೊಂದು ವರ್ಷ ಇಬ್ಬರೂ ಸೇರಿ ಗವಿ ಕೊರೆದರು. ಅವನು ಬಂಡೆ ಸೀಳಿದ, ಅವಳು ಕಲ್ಲು ಹೊತ್ತಳು. ಮಗಳು ತಾಯವ್ವ ಹುಟ್ಟಿದ್ದೂ ಅಲ್ಲಿಯೇ. ಈ ವರ್ಷ ಗ್ಯಾನಪ್ಪ ಮತ್ತೊಬ್ಬಳನ್ನು ಮೆಚ್ಚಿ, ಕಚೇರಿಯಲ್ಲಿ ಮದುವೆ ದಾಖಲಿಸಿ, ತಾಯಿ ಮಗಳಿಗೆ ಹೊರಡಲು ಹೇಳಿದ. ಗವಿ ಅವನೊಬ್ಬನ ಹೆಸರಿನಲ್ಲಿತ್ತು.

ವ್ಯಾಜ್ಯ ಹಂಚಿಕೆಕಟ್ಟೆಗೆ ಬಂತು. ಮನೆ ಮುರಿದಾಗ ಪಾಲು ಮಾಡುವ ಮೂವರ ಸಭೆ ಅದು; ಆ ಮೂವರಲ್ಲಿ ನಾನೊಬ್ಬಳು.

"ಕಾಗದ ತೋರಸ್ರಿ. ಕಾಗದ ಇಲ್ಲಂದ್ರ ಲಗ್ನಾನೂ ಇಲ್ಲ. ಆ ಹುಡುಗಿಗೂ ನನಗೂ ಸಂಬಂಧ ಇಲ್ಲ," ಎಂದ ಗ್ಯಾನಪ್ಪ.

"ನನಗ ಗವಿ ಬ್ಯಾಡ್ರಿ," ಎಂದಳು ಹುಲಿಗೆವ್ವ. "ಕೂಸಿನ ನೀರು ಒಂದು ತಪ್ಪಸಬ್ಯಾಡ್ರಿ."

ಉಡಿಕೆ ಕಂಡಿದ್ದ ಹಿರಿಯರಲ್ಲಿ ಕೆಲವರು ತೀರಿಹೋಗಿದ್ದರು. ಉಳಿದವರು ಸಾಕ್ಷಿ ಹೇಳಲು ಮುಂದೆ ಬರಲಿಲ್ಲ. ಆಗ ಎದ್ದು ನಿಂತವಳು ಗ್ಯಾನಪ್ಪನ ತಾಯಿ ಶಿವಗಂಗವ್ವ.

"ಆ ಸೀರಿ ಉಡಿಸಿದಾಕಿ ನಾನು. ಕೂಸಿನ ಹೊಕ್ಕಳಬಳ್ಳಿ ಕೊಯ್ದಾಕೀನೂ ನಾನೇ. ಇಲ್ಲಂತ ಹ್ಯಾಂಗ ಅನ್ಲಿ?"

"ಯವ್ವಾ, ನಾಳಿ ನಿನಗ ಅನ್ನ ಹಾಕಾಂವ ನಾನು."

"ಗೊತ್ತೈತಪ್ಪ," ಎಂದು ಮುದುಕಿ ಕೂತಳು.

ಆಕೆಯ ಸಾಕ್ಷಿಯಿಂದ ಉಡಿಕೆ ನಡೆದದ್ದೂ ಕೂಸು ಗ್ಯಾನಪ್ಪನದೇ ಎಂಬುದೂ ಖಚಿತವಾಯಿತು. ದುಡಿಮೆ ಇಬ್ಬರದೂ ಆದ್ದರಿಂದ ಅರ್ಧ ಗವಿ ಹುಲಿಗೆವ್ವನಿಗೆ ಬಂತು. ಮಗುವಿನ ಹಕ್ಕು ಅಪ್ಪ ಅವ್ವನ ಮದುವೆಗೆ ಅಂಟಿದ್ದಲ್ಲ. ಹದಿನೆಂಟು ತುಂಬುವತನಕ ಅವಳ ಊಟ, ಓದು ಅಪ್ಪನ ಹೊಣೆ ಎಂದೆವು. ಗವಿಯ ನಡುವೆ ಗೋಡೆ ಎದ್ದಿತು. ಶಿವಗಂಗವ್ವ ತನ್ನ ಗಂಟು ಹೊತ್ತು ಸೊಸೆಯ ಕಡೆ ಬಂದಳು. ಅಂದಿನಿಂದ ಮಗ ಅವಳೊಡನೆ ಮಾತಾಡಿಲ್ಲ. ಗೋಡೆಯಾಚೆ ಅವನು ಕೆಮ್ಮಿದರೆ ಅವಳ ಕೈಕೆಲಸ ಅರೆಗಳಿಗೆ ನಿಲ್ಲುವುದನ್ನು ನಾನೇ ಕಂಡಿದ್ದೇನೆ.

ನ್ಯಾಯವಾಯಿತೆಂದು ಊರು ಹೇಳುತ್ತದೆ. ನನಗೆ ಮಾತ್ರ ಅಂಜಿಕೆ ಹೋಗಿಲ್ಲ. ಶಿವಗಂಗವ್ವ ಸುಮ್ಮನಿದ್ದಿದ್ದರೆ ನಾವು ಮೂವರೂ ಪಾಲು ಮಾಡದೆಯೇ ಕಟ್ಟೆಯಿಂದ ಏಳಬೇಕಾಗುತ್ತಿತ್ತು. ಆದ್ದರಿಂದ ಕೇಳಿಕೊಳ್ಳುತ್ತೇನೆ: ಸೀರೆ ಉಡಿಸಿ, ಊಟ ಹಾಕಿಸಿ, ಮಾರನೆಯ ದಿನ ಕಚೇರಿಗೂ ಹೋಗಿ ಇಬ್ಬರ ಹೆಸರನ್ನೂ ಬರೆಸಿ. ಎಲ್ಲರಿಗೂ ಅಂಥ ಅತ್ತೆ ಸಿಗುವುದಿಲ್ಲ.

ನಿಮ್ಮ ನಂತರದವಳು,
ರುದ್ರವ್ವ